ಗಿರಣಿಯ ಊರು ಕಲಬುರಗಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಒಮ್ಮೆಗೇ ಒಪ್ಪಲಿಲ್ಲ. ನಾನು ಸಾಹಿತಿಯಲ್ಲ, ಇತಿಹಾಸವನ್ನು ಕ್ರಮವಾಗಿ ಓದಿದವನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಹಗಲೆಲ್ಲ ಗಾಜಿನ ಹಿಂದೆ ಕುಳಿತು ಪರರ ದುಡ್ಡನ್ನು ಎಣಿಸುವುದು ನನ್ನ ಉದ್ಯೋಗ. ಇದನ್ನೇ ಅರಿಕೆ ಮಾಡಿಕೊಂಡೆ. “ಹಾಗಾದರೆ ನಿಮ್ಮ ಊರಿನ ಲೆಕ್ಕವನ್ನೇ ಒಪ್ಪಿಸಿರಿ” ಎಂದು ಅವರು ನಕ್ಕುಬಿಟ್ಟರು. ಆ ಮಾತು ನನ್ನನ್ನು ಹಿಡಿಯಿತು. ಆದುದರಿಂದ ಈ ಸಂಜೆ ಕಲಬುರಗಿಯ ಲೆಕ್ಕವನ್ನು, ಅದರಲ್ಲಿಯೂ ಅಲ್ಲಿಯ ಗಿರಣಿಯ ಲೆಕ್ಕವನ್ನು, ನನಗೆ ತಿಳಿದಷ್ಟು ತಮ್ಮ ಮುಂದಿಡುತ್ತೇನೆ.

ನವೆಂಬರ್ 1 ಎಂದರೆ ಎಲ್ಲ ಕನ್ನಡಿಗರಿಗೂ ಕೂಡಿದ ದಿನ. ಆದರೆ ಈ ಸಭೆಯಲ್ಲಿ ಕುಳಿತಿರುವ ಕಲಬುರಗಿ, ಬೀದರ, ರಾಯಚೂರು ಕಡೆಯವರಿಗೆ ಅದು ಅಗಲಿದ ದಿನವೂ ಹೌದೆಂಬುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಕಲಬುರಗಿಯವನಿಗೆ ರಾಜಧಾನಿಯೆಂದರೆ ಈ ಹೈದರಾಬಾದು. ಕೋರ್ಟಿನ ಮೇಲ್ಮನವಿ ಇಲ್ಲಿಗೆ, ಹೆಚ್ಚಿನ ಓದಿಗೆ ಇಲ್ಲಿಗೆ, ಸರ್ಕಾರಿ ಅರ್ಜಿಯೂ ಇಲ್ಲಿಗೇ. ಬೆಳಗಾಗುವುದರೊಳಗೆ ಅದು ಬೇರೊಂದು ರಾಜ್ಯದ ರಾಜಧಾನಿಯಾಯಿತು, ನಮ್ಮದು ಬೆಂಗಳೂರಾಯಿತು. ಮಾತೃಭಾಷೆಯ ನಾಡು ಸೇರಿದೆವೆಂದು ನಮ್ಮ ಹಿರಿಯರು ಸಂತೋಷಪಟ್ಟರು, ಅದು ನ್ಯಾಯವೇ. ಆದರೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಮಕ್ಕಳು ವಾಡಿ, ತಾಂಡೂರು, ವಿಕಾರಾಬಾದಿನ ಮೇಲಿಂದ ಅದೇ ರೈಲು ಹತ್ತಿ ಇದೇ ಊರಿಗೆ ಬಂದು, ಪರವೂರಿನವರಾಗಿ ಬಾಡಿಗೆ ಮನೆ ಕೇಳಬೇಕಾಯಿತು. ಏತಕ್ಕೆ ಬಂದರು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಆ ಗಿರಣಿಯಲ್ಲಿದೆ.

ಕಲಬುರಗಿಯೆಂದೊಡನೆ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದುದು, ಕೋಟೆಯೊಳಗಿನ ಜಾಮಾ ಮಸೀದಿ, ಖಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಇವನ್ನು ಹೇಳುವ ವಾಡಿಕೆ. ಇವೆಲ್ಲ ಪುಸ್ತಕದಲ್ಲಿ ಸಿಕ್ಕುತ್ತವೆ. ನಾನು ಹೇಳಹೊರಟಿರುವುದು ಭೋಂಗಾ ಕೂಗುತ್ತಿದ್ದ ಕಲಬುರಗಿಯನ್ನು.

ಮುಂಬಯಿಯ ಕಡೆಯಿಂದ ಬಂದ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಕರಿಮಣ್ಣಿನ ಸೀಮೆ, ಹತ್ತಿ ಬೇಕಾದಷ್ಟು, ಅದನ್ನು ಸಾಗಿಸಲು ರೈಲು ಸಿದ್ಧ. 1877ರಲ್ಲಿ ಸೊಲ್ಲಾಪುರದಲ್ಲಿ ಗಿರಣಿಯಾದುದನ್ನು ನಮ್ಮ ವರ್ತಕರು ಕಣ್ಣಾರೆ ಕಂಡಿದ್ದರು. ಹೀಗಾಗಿ 1880ರ ದಶಕದಲ್ಲಿ ಕಲಬುರಗಿಯಲ್ಲಿಯೂ ನೂಲುವ ಮತ್ತು ನೇಯುವ ಗಿರಣಿ ಎದ್ದಿತು. 1869ರಿಂದ 1911ರ ವರೆಗೆ ಆಳಿದ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರನ್ನೇ ಅದಕ್ಕಿಟ್ಟರು: ಮಹಬೂಬ್ ಶಾಹಿ ಗಿರಣಿ. ಜನರ ಬಾಯಲ್ಲಿ ಅದು ಎಂ.ಎಸ್.ಕೆ. ಮಿಲ್ಲಾಯಿತು. ಊರಿನ ದೊಡ್ಡ ತೋಟಕ್ಕೂ ಮಹಬೂಬ್ ಗುಲ್ಶನ್ ಎಂದೇ ಹೆಸರು. ಉರುಸಿನ ಗಂಧದ ಮೆರವಣಿಗೆ ದರ್ಗಾಕ್ಕೆ ಹೊರಡುವುದು ಆ ತೋಟದಿಂದಲೇ. ದುಡಿಮೆಗೂ ವಿಹಾರಕ್ಕೂ ಒಬ್ಬನೇ ದೊರೆಯ ಹೆಸರು!

ನನ್ನ ಮುತ್ಯಾ 1946ರಲ್ಲಿ ಹಳ್ಳಿಯಿಂದ ನಡೆದು ಬಂದು ಈ ಗಿರಣಿಯ ನೇಯ್ಗೆ ಖಾತೆಯನ್ನು ಸೇರಿದರು. 1983ರಲ್ಲಿ ಬಿಟ್ಟರು. ಅವರ ಬಾಯಿಂದ ಕೇಳಿದ ಗಿರಣಿಯೇ ನನ್ನ ಗಿರಣಿ. ಅಂಡಿಗೆ ಅಂಡಿಗೆಯಾಗಿ ಬಂದ ಅರಳೆಯನ್ನು ಬಿಚ್ಚಿ, ಬಡಿದು, ಹಿಂಜಿ, ಎಳೆದು, ಕದಿರುಗಳ ಸಾಲಿನಲ್ಲಿ ನೂಲು ಮಾಡುವರು, ಹಾಸಿನ ನೂಲಿಗೆ ಗಂಜಿ ಹಾಕುವರು, ಆಮೇಲೆ ಮಗ್ಗ. ನೂಲು ಹರಿಯಬಾರದೆಂದು ನೇಯ್ಗೆಯ ಮನೆಯಲ್ಲಿ ಗಾಳಿಯನ್ನು ಸದಾ ಹಸಿಯಾಗಿಡುತ್ತಿದ್ದರಂತೆ. ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಹಬೆ. ನೂರಾರು ಲಾಳಿಗಳ ಸದ್ದಿನಲ್ಲಿ ಪಕ್ಕದವನ ಮಾತು ಕೇಳದು; ಎಲ್ಲರೂ ತುಟಿಯಾಡುವುದನ್ನು ನೋಡಿ ಅರ್ಥಮಾಡಿಕೊಳ್ಳುವರು. ಮುತ್ಯಾ ಮುಪ್ಪಿನಲ್ಲಿಯೂ ಎದುರಿನವರ ತುಟಿಯನ್ನೇ ನೋಡುತ್ತ ಮಾತನಾಡುತ್ತಿದ್ದರು. ಅದು ಅವರ ವಿನಯವೆಂದು ನಾನು ಬಾಲ್ಯದಲ್ಲಿ ತಿಳಿದಿದ್ದೆ. ಕಿವಿ ಮಂದವಾಗಿತ್ತೆಂಬುದು ತಿಳಿದುದು ದೊಡ್ಡವನಾದ ಮೇಲೆ.

ಪಗಾರ ಮೊದಮೊದಲು ಹಾಲಿ ಸಿಕ್ಕಾದಲ್ಲಿ, ಅಂದರೆ ನಿಜಾಮರ ರೂಪಾಯಿಯಲ್ಲಿ. ನಮ್ಮ ಏಳು ರೂಪಾಯಿಗೆ ಬ್ರಿಟಿಷರ ಆರು. ಸೊಲ್ಲಾಪುರದ ನೆಂಟರಿಗೆ ದುಡ್ಡು ಕಳುಹಿಸಬೇಕಾದರೆ ಈ ಗುಣಾಕಾರ ಮಾಡಲೇಬೇಕು. ನಾನು ಗುಮಾಸ್ತನಾದುದು ಈ ವಂಶದ ಗುಣದಿಂದಲೇ ಎಂದು ನಮ್ಮ ಅವ್ವ ಹೇಳುವುದುಂಟು.

ಇನ್ನು ಊರಿನ ವಿಷಯ. ಗಿರಣಿಯ ಭೋಂಗಾ ಊರಿಗೆಲ್ಲ ಗಡಿಯಾರ. ಅದು ಕೂಗಿದರೆ ಪಾಳಿಯವರು ಓಡುವರು, ಹೆಂಗಸರು ನಲ್ಲಿಯ ಸರದಿಗೆ ಹೋಗುವರು, ಮಕ್ಕಳು ಶಾಲೆಗೆ ಏಳುವರು. ಮಸೀದಿಯ ಕರೆಗೂ ಗುಡಿಯ ಗಂಟೆಗೂ ಬೇರೆ ಬೇರೆ ಜನ. ಭೋಂಗಾಕ್ಕೆ ಮಾತ್ರ ಎಲ್ಲರೂ. ಗಿರಣಿಯ ಬಾಗಿಲಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಟ್ಟಿಗೆ ಓಡಾಡಿದವು. ಎಲ್ಲರೂ ಎಲ್ಲವನ್ನೂ ಒಂದಿಷ್ಟು ಕೆಡಿಸಿ ಆಡುತ್ತಿದ್ದರು. ಮೊಹರಮ್ಮಿನ ಅಲಾಯಿಗೂ ಶರಣಬಸವೇಶ್ವರರ ತೇರಿಗೂ ಅವರೇ ಜನ. ಇದನ್ನು ನಾನು ಸ್ವರ್ಗವೆಂದು ವರ್ಣಿಸುವುದಿಲ್ಲ. ಕೊಡದ ನೀರಿಗೆ ತಲೆ ಒಡೆದುಕೊಂಡುದುಂಟು. ಜಾತಿ ಅರಳೆಯೊಡನೆ ಹಾರಿಹೋಗಲಿಲ್ಲ. 1948ರ ಸೆಪ್ಟೆಂಬರದಲ್ಲಿ ಸಂಸ್ಥಾನ ಭಾರತದಲ್ಲಿ ಸೇರುವ ಮುಂಚೆಯೂ ಸೇರಿದ ಮೇಲೆಯೂ ನಡೆದ ಕ್ರೂರ ಕೃತ್ಯಗಳ ವಿಷಯವನ್ನು ಮುತ್ಯಾ ಎತ್ತುತ್ತಿರಲಿಲ್ಲ. ನಾವು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಆದರೂ ಮರುದಿನ ಅದೇ ಮಗ್ಗದ ಬಳಿ ಅದೇ ಪಕ್ಕದವನೊಡನೆ ನಿಲ್ಲಲೇಬೇಕಾದ ಅಗತ್ಯವೊಂದಿತ್ತು. ಪೌರಜೀವನವೆಂಬುದು ಪ್ರೀತಿಗಿಂತ ಹೆಚ್ಚಾಗಿ ಈ ಅಗತ್ಯದಿಂದ ಹುಟ್ಟುತ್ತದೆಂದು ನನ್ನ ತಿಳುವಳಿಕೆ.

ಆಡಳಿತದ ಭಾಷೆ ಉರ್ದುವಾಗಿದ್ದ ಕಾಲದಲ್ಲಿ 1907ರಲ್ಲಿಯೇ ಊರಿನಲ್ಲಿ ನೂತನ ವಿದ್ಯಾಲಯ ಪ್ರಾರಂಭವಾಗಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. 1949ರಲ್ಲಿ ಉತ್ತಂಗಿ ಚನ್ನಪ್ಪನವರು ಅಧ್ಯಕ್ಷರಾಗಿ ಮತ್ತೊಮ್ಮೆ. 1952ರ ಮೊದಲ ಚುನಾವಣೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರನ್ನು ಲೋಕಸಭೆಗೆ ಕಳುಹಿಸಿದುದು ಕಲಬುರಗಿಯೇ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಗಿರಣಿಯ ನೌಕರರ ಸಂಘಕ್ಕೆ 1969ರಲ್ಲಿ ಕಾನೂನು ಸಲಹೆಗಾರರಾಗಿ ಬಂದ ತರುಣ ವಕೀಲರು ಮಲ್ಲಿಕಾರ್ಜುನ ಖರ್ಗೆಯವರು. ಅವರು 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದರು. ಅವರ ಪಕ್ಷ ತಮಗೆ ಹಿಡಿಸಲಿ ಬಿಡಲಿ, ಗಿರಣಿಯ ಬಾಗಿಲು ಎಷ್ಟು ದೂರಕ್ಕೆ ದಾರಿಯಾಗಬಲ್ಲದೆಂಬುದನ್ನು ಒಪ್ಪಬೇಕು.

ಇಷ್ಟು ಊರಿನ ಲೆಕ್ಕ. ಈಗ ಒಂದು ಸಣ್ಣ ಲೆಕ್ಕವನ್ನು ಹೇಳುತ್ತೇನೆ. ನಾನು ಈ ಭಾಷಣಕ್ಕೆ ಒಪ್ಪಿದುದೇ ಅದಕ್ಕಾಗಿ.

2023ರಲ್ಲಿ ನಮ್ಮ ತಂದೆ ತೀರಿಕೊಂಡರು. ಮುತ್ಯಾ ಕಟ್ಟಿಸಿದ್ದ ಎರಡು ಕೋಣೆಗಳ ಮನೆಯನ್ನು ನೋಡಲು ಕಲಬುರಗಿಗೆ ಹೋದೆ. ಶಹಾಬಾದ ಕಲ್ಲಿನ ನೆಲ, ತಗಡಿನ ಮಾಡು. ಅಲ್ಲಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ನೋಟುಬುಕ್ಕು ಸಿಕ್ಕಿತು. ಅದು ಭಿಶಿಯ ಲೆಕ್ಕ. ಭಿಶಿಯೆಂದರೆ ತಮಗೆ ಗೊತ್ತೇ ಇದೆ. ಇಲ್ಲಿ ಚೀಟಿ ಎನ್ನುತ್ತಾರೆ. ಇಪ್ಪತ್ತು ಜನ, ತಿಂಗಳಿಗೆ ತಲಾ ಹತ್ತು ರೂಪಾಯಿ. ಇನ್ನೂರು ರೂಪಾಯಿ ಸರದಿಯಂತೆ ಒಬ್ಬೊಬ್ಬನಿಗೆ. ಹೆಸರುಗಳು ಕನ್ನಡದಲ್ಲಿ, ಅಂಕಿಗಳು ಉರ್ದುವಿನಲ್ಲಿ! ಮುತ್ಯಾ ಶಾಲೆಗೆ ಹೋದುದು ಎರಡು ವರ್ಷ, ಅದು ಉರ್ದು ಶಾಲೆ. ಕನ್ನಡ ಅಕ್ಷರ ಕಲಿತುದು ಆಮೇಲೆ. ನನಗೆ ಆ ಅಂಕಿಗಳು ಓದಲು ಬರಲಿಲ್ಲ. ಹೈದರಾಬಾದಿಗೆ ತಂದು, ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನಲ್ಲಿ ಕೂಡುವ ಮುಸಲ್ಮಾನ ಮಿತ್ರರಿಗೆ ತೋರಿಸಿದೆ. ಊಟದ ಹೊತ್ತಿನಲ್ಲಿ ಅವರು ಓದುವರು, ನಾನು ಬರೆದುಕೊಳ್ಳುವೆನು. ಹೀಗೆ ಹದಿನೈದು ದಿನ ನಡೆಯಿತು.

1972ರ ಬರಗಾಲವನ್ನು ಹಿರಿಯರು ಮರೆತಿರಲಾರಿರಿ. ನ್ಯಾಯಬೆಲೆ ಅಂಗಡಿಯಲ್ಲಿ ಪರದೇಶದ ಕೆಂಪು ಜೋಳ ಕೊಟ್ಟ ಕಾಲ ಅದು. ಹಳ್ಳಿಯ ಬಂಧುಗಳೆಲ್ಲ ಗಿರಣಿಯವರ ಮನೆಗೆ ಬಂದು ಉಂಡರು. ಆ ವರ್ಷದ ಪುಟಗಳಲ್ಲಿ ಮೂವರ ಹೆಸರಿನ ಮುಂದೆ ಐದು ತಿಂಗಳು ಸೊನ್ನೆಯಿದೆ. ಆದರೆ ಪ್ರತಿ ತಿಂಗಳ ಕೆಳಗಿನ ಮೊತ್ತ ಮಾತ್ರ ಇನ್ನೂರೇ! ಕೂಡಿಸುವುದರಲ್ಲಿ ತಪ್ಪಿದೆಯೆಂದು ನಾನು ತಿಳಿದೆ, ಗುಮಾಸ್ತನ ಬುದ್ಧಿ. ಮಿತ್ರರು ಮತ್ತೆ ಓದಿದರು. ಬೇರೆ ಆರು ಜನರ ಸಾಲಿನಲ್ಲಿ ಹತ್ತರ ಬದಲು ಹದಿನೈದು ಇತ್ತು. ಹನ್ನೊಂದು ಜನ ಹತ್ತರಂತೆ ನೂರ ಹತ್ತು, ಆರು ಜನ ಹದಿನೈದರಂತೆ ತೊಂಬತ್ತು, ಇನ್ನೂರು ಸರಿಹೋಯಿತು. ಮರುವರ್ಷ ಆ ಮೂವರು ಹತ್ತು ತಿಂಗಳು ಹದಿನೈದರಂತೆ ಕಟ್ಟಿ ತೀರಿಸಿದ್ದಾರೆ. ಯಾವ ಪುಟದಲ್ಲಿಯೂ ಬಡ್ಡಿಯ ಅಂಕಣವಿಲ್ಲ. ಜಾಮೀನಿನ ಸಹಿ ಇಲ್ಲ. ಹೆಚ್ಚು ಕೊಟ್ಟ ಆರು ಹೆಸರುಗಳಲ್ಲಿ ಇಬ್ಬರು ಮುಸಲ್ಮಾನರು, ಒಬ್ಬರು ಮರಾಠಿಯವರು, ಒಂದು ಮುತ್ಯಾನದು. ಸೊನ್ನೆಯ ಮೂವರಲ್ಲಿ ಇಬ್ಬರು ಹೊಲಗೇರಿಯಿಂದ ಬಂದವರೆಂದು ಅವ್ವ ಗುರುತು ಹೇಳಿದರು. ಮಿತ್ರರು ಪುಸ್ತಕ ಮುಚ್ಚಿ, “ಇಂಥ ಬ್ರಾಂಚು ಈಗ ಎಲ್ಲಿದೆ ಸಾಹೇಬ್?” ಎಂದರು.

ಆ ಬ್ರಾಂಚು ಮುಚ್ಚಿದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಯಂತ್ರಗಳು ಹಳೆಯವಾದವು, ಹೊಸದಕ್ಕೆ ಬಂಡವಾಳ ಹೂಡುವವರಿಲ್ಲ. ವಿದ್ಯುತ್ ಮಗ್ಗಗಳು ಸಣ್ಣ ಸಣ್ಣ ಕೊಟ್ಟಿಗೆಗಳಲ್ಲಿ ಅಗ್ಗದ ಬಟ್ಟೆಯನ್ನು ನೇಯತೊಡಗಿದವು. 1974ರ ಕಾಯಿದೆಯಿಂದ ದೇಶದ 103 ಬೇನೆ ಬಿದ್ದ ಗಿರಣಿಗಳನ್ನು ಸರ್ಕಾರ ವಹಿಸಿಕೊಂಡಿತು. ಕಲಬುರಗಿಯ ಮಹಬೂಬ್ ಶಾಹಿ, ವರಂಗಲ್ಲಿನ ಆಜಂ ಜಾಹಿ, ನಾಂದೇಡದ ಉಸ್ಮಾನ್ ಶಾಹಿ, ಹೀಗೆ ಹಳೆಯ ಸಂಸ್ಥಾನದ ಗಿರಣಿಗಳು ಮೂರು ರಾಜ್ಯಗಳಿಗೆ ಹಂಚಿಹೋಗಿದ್ದರೂ ಒಂದೇ ನಿಗಮದ ಕೈಗೆ ಬಂದವು. ಒಂದರ ಹಿಂದೊಂದು ನಿಂತವು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಲಬುರಗಿಯ ಭೋಂಗಾ ಮೌನವಾಗಿತ್ತು. ಇಲ್ಲಿ ಟ್ಯಾಂಕ್ ಬಂಡಿನ ಕೆಳಗೆ ಹಾಯುವಾಗ ರಾಮಗೋಪಾಲ ಮಿಲ್ಲನ್ನು ತಾವು ಕಂಡಿರಬೇಕು, 1920ರದು. ಅದರದೂ ಅದೇ ಗತಿ.

ನಮ್ಮ ತಂದೆ ಗಿರಣಿಗೆ ಸೇರಲೇ ಇಲ್ಲ. “ತಮ್ಮಾ, ಈ ಭೋಂಗಾ ನನ್ನ ಕಾಲಕ್ಕೇ ಸಾಕು. ನೀ ಬ್ಯಾರೆ ದಾರಿ ನೋಡ್ಕೋ” ಎಂದು ಮುತ್ಯಾ ಅವರಿಗೆ ಹೇಳಿದ್ದರು. ತಂದೆ 1985ರಲ್ಲಿ ಹೈದರಾಬಾದಿಗೆ ಬಂದು ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ನಿಂತರು. ನೇಯುವವನ ಮಗ ಅಳೆಯುವವನಾದ. ಅವನ ಮಗ ಎಣಿಸುವವನಾದ. ನಮ್ಮ ಮನೆತನದ ಇತಿಹಾಸವಿಷ್ಟೆ.

ಊರು ಸತ್ತುಹೋಯಿತೆಂದು ಯಾರೂ ಮರುಗಬೇಕಾಗಿಲ್ಲ. 1980ರಲ್ಲಿ ವಿಶ್ವವಿದ್ಯಾಲಯವಾಯಿತು. ಉಚ್ಚ ನ್ಯಾಯಾಲಯದ ಪೀಠ ಬಂದಿತು. 371-ಜೆ ವಿಧಿಗೆ 2012ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟುದರಿಂದ ನಮ್ಮ ಜಿಲ್ಲೆಗಳ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲು ದೊರೆಯಿತು. 2014ರ ರಾಜ್ಯೋತ್ಸವದಂದು ಗುಲ್ಬರ್ಗವೆಂಬ ಹೆಸರು ಹೋಗಿ ಕಲಬುರಗಿ ಎಂದೇ ಆಯಿತು. 2019ರಲ್ಲಿ ವಿಮಾನ ನಿಲ್ದಾಣವೂ ಆಯಿತು. ಹತ್ತಿಯ ಗಿರಣಿ ಹೋದರೂ ತೊಗರಿಯ ದಾಲ್ ಮಿಲ್ಲುಗಳಿವೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಬರ್ಮಾದಿಂದಲೂ ಆಫ್ರಿಕದಿಂದಲೂ ಬೇಳೆ ಬಂದಿಳಿದರೆ ಅವೂ ನಡುಗುತ್ತವೆ. ದಾಲ್ ಮಿಲ್ಲಿನಲ್ಲಿ ದುಡಿಯುವ ಕೈಗಳೂ ಕಡಿಮೆ, ಸುಗ್ಗಿ ಮುಗಿದರೆ ಕೆಲಸವೂ ಕಡಿಮೆ. ಅಲ್ಲಿ ಭಿಶಿ ಹಾಕುವಷ್ಟು ಕಾಲ ಯಾರೂ ಒಬ್ಬರ ಪಕ್ಕ ಒಬ್ಬರು ನಿಲ್ಲುವುದಿಲ್ಲ. ಸೇಡಂ ರಸ್ತೆಯಲ್ಲಿ ಕಾರ್ಮಿಕರ ವಿಮಾ ನಿಗಮದ ಭವ್ಯವಾದ ಆಸ್ಪತ್ರೆಯೆದ್ದಿದೆ. ಊರಿನ ಬಹು ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ ಕಾರ್ಮಿಕರ ಆಸ್ಪತ್ರೆ! ವಿಧಿಯ ವಿನೋದವೆಂದು ನಾನೂ ಮೊದಲು ನಕ್ಕಿದ್ದೆ. ನಮ್ಮ ಸೋದರತ್ತೆಯನ್ನು ಅಲ್ಲಿ ತೋರಿಸಿಕೊಂಡು ಬಂದ ಮೇಲೆ ನಗುವುದನ್ನು ಬಿಟ್ಟೆ. 2023ರಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಬೃಹತ್ ಜವಳಿ ಉದ್ಯಾನಗಳನ್ನು ಘೋಷಿಸಿತು. ಅವುಗಳಲ್ಲಿ ಕಲಬುರಗಿಯೂ ಇದೆ, ವರಂಗಲ್ಲೂ ಇದೆ. ಕಲಬುರಗಿಗೆ ಒಂದು ಸಾವಿರ ಎಕರೆ. ಮಗ್ಗ ಬರಲಿ, ಆ ಬಾಗಿಲಲ್ಲಿ ಯಾರು ಯಾರು ಒಟ್ಟಿಗೆ ನಿಲ್ಲುವರೆಂಬುದೇ ನನ್ನ ಕುತೂಹಲ.

ಈಗ ಒಂದು ತಪ್ಪೊಪ್ಪಿಗೆ. ತಂದೆಯವರು ಮೂವತ್ತೆಂಟು ವರ್ಷ ಈ ಊರಿನಲ್ಲಿದ್ದರೂ ತಮ್ಮ ಮತವನ್ನು ಕಲಬುರಗಿಯಿಂದ ತೆಗೆಸಲಿಲ್ಲ. ಚುನಾವಣೆ ಬಂದರೆ ರಾತ್ರಿಯ ಗಾಡಿಗೆ ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಮರುದಿನ ಅಂಗಡಿಗೆ ಬರುವರು. ವಾಸವಿದ್ದಲ್ಲಿಯೇ ಹೆಸರಿರಬೇಕೆಂಬುದು ಕಾಯಿದೆ, ನಾನು ಹೇಳಿದ್ದೆ. “ಮನಿ ಅಲ್ಲೇ ಅದ, ಹೆಸರೂ ಅಲ್ಲೇ ಇರ್ಲಿ ಬಿಡೋ” ಎಂದುಬಿಡುತ್ತಿದ್ದರು. ಅವರ ಮಾತಿಗೆ ಕಟ್ಟುಬಿದ್ದು, ಹುಟ್ಟಿ ಬೆಳೆದುದು ಇಲ್ಲಿಯೇ ಆದರೂ ನಾನೂ ಹದಿನೆಂಟು ತುಂಬಿದಾಗ ಅಲ್ಲಿಯೇ ಹೆಸರು ಬರೆಸಿದೆ. ಅವರು ಪ್ರತಿ ಸಲ ಹೋದರು. ನಾನು ಎರಡೇ ಸಲ ಹೋದೆ. ಅಂದರೆ ಆ ಊರಿಗೂ ನಾನಿಲ್ಲ, ಈ ಊರಿಗೂ ಇಲ್ಲ. 2020ರಲ್ಲಿ ಹೈದರಾಬಾದಿನ ನಗರಪಾಲಿಕೆಗೆ ಚುನಾವಣೆ ನಡೆದಾಗ ಅರ್ಧಕ್ಕಿಂತ ಕಡಿಮೆ ಮತದಾರರು ಮತ ಹಾಕಿದರು. ಹಾಕದೆ ಉಳಿದವರ ಲೆಕ್ಕದಲ್ಲಿ ಸೇರುವುದಕ್ಕೂ ನನ್ನ ಹೆಸರು ಇಲ್ಲಿಯ ಪಟ್ಟಿಯಲ್ಲಿರಲಿಲ್ಲ. ನಮ್ಮ ಬೀದಿಯ ಚರಂಡಿ ಕಟ್ಟಿದರೆ ನಾನು ಮಾಡುವುದು ಮೂಗು ಮುಚ್ಚಿಕೊಳ್ಳುವುದೊಂದೇ. ವಾರ್ಡಿನ ಸದಸ್ಯರ ಹೆಸರನ್ನು ಕೇಳಿದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುವುವೋ ನಾನು ಪರೀಕ್ಷೆ ಮಾಡುವುದಿಲ್ಲ. ನೀರಿನ ನಲ್ಲಿಗಾಗಿ ಕಚೇರಿಗೆ ಗುಂಪಾಗಿ ನಡೆಯುತ್ತಿದ್ದ ಜನರ ಮೊಮ್ಮಕ್ಕಳು ನಾವು.

ಆ ಮನೆಯನ್ನು ಹೋದ ವರ್ಷ ಮಾರಿದೆ. ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದ ದಾಲ್ ಮಿಲ್ಲಿನ ಹಮಾಲರೊಬ್ಬರು ಕೊಳ್ಳಲು ಬಂದಿದ್ದರು. ಅವರು ಹೇಳಿದ ಬೆಲೆಗಿಂತ ಕಟ್ಟಡದ ಗುತ್ತಿಗೆದಾರರೊಬ್ಬರು ಬಹಳ ಹೆಚ್ಚು ಹೇಳಿದರು. ಇಲ್ಲಿ ಫ್ಲ್ಯಾಟಿನ ಕಂತು ಕಟ್ಟಬೇಕಾಗಿತ್ತು, ಮಗಳ ಶಾಲೆಯ ಫೀಸು ಇತ್ತು. ಹೆಚ್ಚು ಹೇಳಿದವರಿಗೇ ಕೊಟ್ಟೆ. ಭಿಶಿಯ ಪುಸ್ತಕವನ್ನು ಕೊಂಡಾಡಿ ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ತಮ್ಮೆದುರು ಹೇಳಿದ್ದೇನೆ. ಹಮಾಲರು ಸಾಮಾನು ಗಾಡಿಗೆ ಹೇರಿದ ಮೇಲೆ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಕೊಟ್ಟು, “ಸಾಹೇಬ್ರ, ಇದು ನಿಮ್ಮ ಮುತ್ಯಾಂದು, ಬಿಟ್ಟು ಹೋಗಬ್ಯಾಡ್ರಿ” ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಊರಿಗೆ ಮರಳಿದ ವಾರವೇ ಮತದಾರರ ಪಟ್ಟಿಯ ನಮೂನೆ 8ನ್ನು ತುಂಬಿ, ನನ್ನ ಹೆಸರನ್ನು ಇಲ್ಲಿಯ ವಿಳಾಸಕ್ಕೆ ವರ್ಗ ಮಾಡಿಸಿಕೊಂಡೆ. ಸಹಿ ಮಾಡುವಾಗ ಕೈ ಒಂದಿಷ್ಟು ತಡೆಯಿತು.

ಕಡೆಯದಾಗಿ ಒಂದು ಬಿನ್ನಹ. ತಮ್ಮಲ್ಲಿ ಅನೇಕರ ಮನೆಯ ಹಿರಿಯರು ಗಿರಣಿಯಲ್ಲಿದ್ದವರು. ಕಲಬುರಗಿಯದೋ, ನಾಂದೇಡದ್ದೋ, ಸೊಲ್ಲಾಪುರದ್ದೋ ಆಗಿರಲಿ. ಪಗಾರದ ಚೀಟಿ, ಹಾಜರಿಯ ಬಿಲ್ಲೆ, ಭಿಶಿಯ ವಹಿ, ಬಾಗಿಲ ಸಭೆಯ ಭಾವಚಿತ್ರ, ಏನಿದ್ದರೂ ರದ್ದಿಗೆ ಹಾಕಬೇಡಿರಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ; ಅಂದು ಮಧ್ಯಾಹ್ನ ಮೂರರಿಂದ ನಾನು ಸಂಘದ ಕಚೇರಿಯಲ್ಲಿ ಕುಳಿತಿರುತ್ತೇನೆ. ಕಾಗದಗಳ ಪ್ರತಿ ತೆಗೆದುಕೊಂಡು ಮೂಲವನ್ನು ಕೂಡಲೆ ಹಿಂತಿರುಗಿಸುವ ಏರ್ಪಾಡಿದೆ. ಅಂಕಿಗಳು ಉರ್ದುವಿನಲ್ಲಿದ್ದರೆ ಅಂಜಬೇಡಿರಿ. ನನ್ನ ಮಿತ್ರರೂ ಬರಲು ಒಪ್ಪಿದ್ದಾರೆ. ನಮೂನೆ 8ರ ಕೆಲವು ಪ್ರತಿಗಳನ್ನೂ ಮೇಜಿನ ಮೇಲೆ ಇಟ್ಟಿರುತ್ತೇನೆ.